ಕೈಫೋನಿನ ಬೀಗದ ಕೈ ಯಾರ ಬಳಿ? ಪರ್ಯಾಯ ಕಾರ್ಯಾಚರಣ ವ್ಯವಸ್ಥೆಗಳ ಭದ್ರತೆ, ಖಾಸಗಿತನ ಮತ್ತು ಸ್ವಾವಲಂಬನೆ

ಮೈಸೂರು ಜಿಲ್ಲೆಯ ನಂಜನಗೂಡು ಎಂದೊಡನೆ ಶ್ರೀಕಂಠೇಶ್ವರನ ದೇಗುಲ, ಕಪಿಲಾ ನದಿ, ರಸಬಾಳೆ, ಹಲ್ಲುಪುಡಿ ನೆನಪಾಗುವುದು ವಾಡಿಕೆ. ಅದೇ ಊರಿನ ಕೈಗಾರಿಕಾ ಪ್ರದೇಶದಲ್ಲಿ, ಎಲ್ಲ ವಿದ್ಯುನ್ಮಾನ ಉಪಕರಣಗಳ ಒಡಲಲ್ಲಿರುವ ಪಿಸಿಬಿ ಫಲಕಗಳನ್ನು ತಯಾರಿಸುವ ಕಾರ್ಖಾನೆಯೂ ಇದೆ. ಇಂಡಾಲ್ ಸಂಸ್ಥೆಯದಾಗಿದ್ದ ಅದು 1999ರಲ್ಲಿ ಆಸ್ಟ್ರಿಯಾದ ಎಟಿ ಅಂಡ್ ಎಸ್ ಸಂಸ್ಥೆಯ ಕೈಸೇರಿತು. ಕೋಲಾರ ಜಿಲ್ಲೆಯ ನರಸಾಪುರದಲ್ಲಿಯೂ ದೇವನಹಳ್ಳಿಯಲ್ಲಿಯೂ ಐಫೋನ್‌ಗಳ ಜೋಡಣೆ ನಡೆಯುತ್ತಿದೆ. ಯಂತ್ರಾಂಶದ ಮಟ್ಟಿಗೆ ಕರ್ನಾಟಕ ಹಿಂದೆ ಬಿದ್ದಿಲ್ಲ. ಆದರೆ ಫೋನು ಏನನ್ನು ಮಾಡಬಹುದು, ಏನನ್ನು ಮಾಡಕೂಡದು, ಯಾರಿಗೆ ಏನನ್ನು ವರದಿ ಮಾಡಬೇಕು ಎಂಬುದನ್ನು ತೀರ್ಮಾನಿಸುವ ತಂತ್ರಾಂಶ ಅಮೆರಿಕದ ಎರಡು ಸಂಸ್ಥೆಗಳ ಅಧೀನದಲ್ಲಿದೆ. ಗೂಗಲ್‌ನ ಆಂಡ್ರಾಯ್ಡ್ ಮತ್ತು ಆಪಲ್‌ನ ಐಓಎಸ್ ಹೊರತುಪಡಿಸಿದರೆ ಅಂಗಡಿಯಲ್ಲಿ ಕೊಳ್ಳಲು ಸಿಗುವ ಮೂರನೆಯ ಸ್ಮಾರ್ಟ್‌ಫೋನ್ ವ್ಯವಸ್ಥೆ ನಮ್ಮಲ್ಲಿ ಇಲ್ಲವೆಂದೇ ಹೇಳಬೇಕು.

ಈ ಎರಡರ ಹೊರಗೆ ನಿಲ್ಲಬಯಸುವ ಕಾರ್ಯಾಚರಣ ವ್ಯವಸ್ಥೆಗಳು, ಅಂದರೆ ಆಪರೇಟಿಂಗ್ ಸಿಸ್ಟಂಗಳು, ಇಲ್ಲದೆ ಇಲ್ಲ. ಅವನ್ನು ಅಳವಡಿಸಿಕೊಂಡರೆ ದೊರೆಯುವುದೇನು, ಕಳೆದುಕೊಳ್ಳುವುದೇನು, ನಂಜನಗೂಡು ಅಥವಾ ತಿರುಮಕೂಡಲು ನರಸೀಪುರದಂತಹ ತಾಲ್ಲೂಕು ಕೇಂದ್ರದಲ್ಲಿ ಬದುಕುವವರಿಗೆ ಅದು ಎಷ್ಟರಮಟ್ಟಿಗೆ ಸಾಧ್ಯ ಎಂಬುದನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶ.

ಮೂರು ಬೇರೆ ಬೇರೆ ಗುಣಗಳು

ತಿ. ನರಸೀಪುರದಲ್ಲಿ ಕಾವೇರಿ, ಕಪಿಲೆಯರ ಜೊತೆಗೆ ಗುಪ್ತಗಾಮಿನಿಯಾದ ಸ್ಫಟಿಕ ಸರೋವರವೂ ಸೇರುತ್ತದೆ ಎಂಬುದು ನಂಬಿಕೆ. ಫೋನಿನ ವಿಚಾರದಲ್ಲಿಯೂ ಭದ್ರತೆ, ಸ್ವಾವಲಂಬನೆ, ಖಾಸಗಿತನ ಎಂಬ ಮೂರು ಒಂದೆಡೆ ಕೂಡುತ್ತವೆ. ಮೊದಲ ಎರಡು ಕಣ್ಣಿಗೆ ಕಾಣುತ್ತವೆ, ಮೂರನೆಯದು ಕಾಣುವುದಿಲ್ಲ. ಈ ಮೂರನ್ನೂ ಒಂದೇ ಎಂದು ಬಗೆಯುವುದರಿಂದಲೇ ಚರ್ಚೆ ದಾರಿ ತಪ್ಪುತ್ತದೆ.

ಭದ್ರತೆ ಎಂದರೆ ನಾವು ಒಪ್ಪದವರು ಫೋನಿನೊಳಗೆ ನುಗ್ಗದಂತೆ ತಡೆಯುವುದು. ಖಾಸಗಿತನ ಎಂದರೆ ನಾವೇ ಒಳಗೆ ಬಿಟ್ಟುಕೊಂಡವರು, ಅಂದರೆ ತಯಾರಕರು, ಆ್ಯಪ್‌ಗಳು, ಜಾಹೀರಾತು ಸಂಸ್ಥೆಗಳು, ಅಗತ್ಯಕ್ಕಿಂತ ಹೆಚ್ಚಿನದನ್ನು ಕೊಂಡೊಯ್ಯದಂತೆ ನೋಡಿಕೊಳ್ಳುವುದು. ಸ್ವಾವಲಂಬನೆ ಎಂದರೆ ಒಂದು ಸಂಸ್ಥೆಯ ಅಥವಾ ಒಂದು ದೇಶದ ನಿರ್ಧಾರದಿಂದ ನಮ್ಮ ಫೋನು ನಿರುಪಯುಕ್ತವಾಗದ ಸ್ಥಿತಿ. ಹೊಸ ಐಫೋನ್ ಭದ್ರತೆಯಲ್ಲಿ ಉತ್ತಮ, ಸ್ವಾವಲಂಬನೆಯಲ್ಲಿ ಶೂನ್ಯ. ಹಳೆಯ ಫೋನಿಗೆ ಹವ್ಯಾಸಿಗಳು ಹಾಕಿಕೊಟ್ಟ ಮುಕ್ತ ತಂತ್ರಾಂಶ ಸ್ವಾವಲಂಬನೆಯಲ್ಲಿ ಮುಂದು, ಭದ್ರತೆಯಲ್ಲಿ ಕೆಲವೊಮ್ಮೆ ಹಿಂದು. ಮೂರನ್ನೂ ಪೂರ್ಣವಾಗಿ ಕೊಡುವ ವ್ಯವಸ್ಥೆ ಇಂದಿಗೂ ಇಲ್ಲ.

ಆಂಡ್ರಾಯ್ಡ್‌ನ ಎರಡು ಪದರಗಳು

ಆಂಡ್ರಾಯ್ಡ್ ಮುಕ್ತ ತಂತ್ರಾಂಶವಲ್ಲವೇ ಎಂದು ಕೇಳುವವರುಂಟು. ಉತ್ತರ ಅರ್ಧ ಹೌದು, ಅರ್ಧ ಅಲ್ಲ. ಲಿನಕ್ಸ್ ತಿರುಳಿನ ಮೇಲೆ ಕಟ್ಟಿದ ಎಓಎಸ್‌ಪಿ ಎಂಬ ಕೆಳಪದರದ ಮೂಲಸಂಕೇತವನ್ನು ಯಾರು ಬೇಕಾದರೂ ಪಡೆದು ಬದಲಾಯಿಸಿಕೊಳ್ಳಬಹುದು. ಅದರ ಮೇಲಿನ ಪ್ಲೇ ಸ್ಟೋರ್, ಪ್ಲೇ ಸರ್ವಿಸಸ್, ನಕ್ಷೆ, ಧ್ವನಿ ಬೆರಳಚ್ಚು ಮುಂತಾದವು ಗೂಗಲ್‌ನ ಸ್ವಂತ ಸ್ವತ್ತು. ನಾವು ನಿತ್ಯ ಬಳಸುವ ಆ್ಯಪ್‌ಗಳಲ್ಲಿ ಹೆಚ್ಚಿನವು ಈ ಮೇಲ್ಪದರವನ್ನು ನೆಚ್ಚಿಕೊಂಡಿವೆ. ಸೂಚನೆ ಬಂದಾಗ ಫೋನು ಗಂಟೆ ಬಾರಿಸುವುದು, ಆ್ಯಪ್ ಒಂದಕ್ಕೆ ನಾವು ಇರುವ ಸ್ಥಳ ತಿಳಿಯುವುದು ಬಹುತೇಕ ಈ ಪದರದ ಮೂಲಕವೇ.

ಬೇರೆ ವ್ಯವಸ್ಥೆಯಿರುವ ಫೋನುಗಳನ್ನು ನಮ್ಮ ಅಂಗಡಿಗಳಲ್ಲಿ ಏಕೆ ಕಾಣುವುದಿಲ್ಲ ಎಂಬುದಕ್ಕೆ ಗಿರಾಕಿಗಳ ನಿರಾಸಕ್ತಿಯೊಂದೇ ಕಾರಣವಲ್ಲ. ಪ್ಲೇ ಸ್ಟೋರ್ ಬೇಕೆಂದರೆ ಗೂಗಲ್‌ನ ಆ್ಯಪ್‌ಗಳ ಇಡೀ ಗುಚ್ಛವನ್ನೇ ಮೊದಲೇ ತುಂಬಿರಬೇಕು, ಆಂಡ್ರಾಯ್ಡ್‌ನ ಕವಲು ರೂಪಗಳಿರುವ ಫೋನುಗಳನ್ನು ಮಾರಬಾರದು ಎಂಬ ಒಪ್ಪಂದಗಳಿಗೆ ತಯಾರಕರು ಸಹಿ ಹಾಕಬೇಕಿತ್ತು. ಭಾರತದ ಸ್ಪರ್ಧಾ ಆಯೋಗ 2019ರಲ್ಲಿ ತನಿಖೆ ಆರಂಭಿಸಿ, 2022ರ ಅಕ್ಟೋಬರ್ 20ರಂದು ಇಂತಹ ಷರತ್ತುಗಳನ್ನು ಅಕ್ರಮವೆಂದು ಸಾರಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಆದೇಶಕ್ಕೆ ತಡೆ ನೀಡಲು ಸರ್ವೋಚ್ಚ ನ್ಯಾಯಾಲಯ 2023ರ ಜನವರಿಯಲ್ಲಿ ನಿರಾಕರಿಸಿತು. ಅದೇ ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿ ಹಿಡಿಯಿತಾದರೂ ಹತ್ತು ನಿರ್ದೇಶನಗಳಲ್ಲಿ ನಾಲ್ಕನ್ನು ಕೈಬಿಟ್ಟಿತು. ಆ್ಯಪ್‌ಗಳನ್ನು ಬಿಡಿಬಿಡಿಯಾಗಿ ಪಡೆಯುವ ಅವಕಾಶ ತಯಾರಕರಿಗೆ ದೊರೆಯಿತು. ಆದರೆ ಗಲ್ಲಾಪೆಟ್ಟಿಗೆಯ ಮುಂದೆ ನಿಂತ ಗಿರಾಕಿಗೆ ಇದರಿಂದ ಕಣ್ಣಿಗೆ ಕಾಣುವ ಬದಲಾವಣೆ ಏನೂ ಆಗಲಿಲ್ಲ.

ಸುಮ್ಮನಿರುವ ಫೋನು ಸುಮ್ಮನಿರುವುದಿಲ್ಲ

ಗುಪ್ತಗಾಮಿನಿಯ ಮಾತಿಗೆ ಬರೋಣ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಪ್ರಾಧ್ಯಾಪಕ ಡಗ್ಲಸ್ ಲೀತ್ 2021ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ ಮೇಜಿನ ಮೇಲೆ ಸುಮ್ಮನೆ ಇಟ್ಟ ಫೋನು ಕೂಡ ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತನ್ನ ಸಂಸ್ಥೆಗೆ ಮಾಹಿತಿ ಕಳುಹಿಸುತ್ತಿತ್ತು. ಆಂಡ್ರಾಯ್ಡ್‌ಗೂ ಐಫೋನಿಗೂ ಈ ಮಾತು ಅನ್ವಯಿಸುತ್ತದೆ. ಅದೇ ವರ್ಷ ಎಡಿನ್‌ಬರೋ ವಿಶ್ವವಿದ್ಯಾಲಯದವರೊಡನೆ ಸೇರಿ ಅವರು ಸ್ಯಾಮ್‌ಸಂಗ್, ಶಿಯೋಮಿ, ರಿಯಲ್‌ಮಿ, ಹುವಾವೇ ಫೋನುಗಳ ಜೊತೆಗೆ ಲಿನಿಯೇಜ್ ಓಎಸ್ ಮತ್ತು ‘ಇ’ ಓಎಸ್ ಎಂಬ ಎರಡು ಪರ್ಯಾಯಗಳನ್ನೂ ಪರೀಕ್ಷಿಸಿದರು. ಗೂಗಲ್ ಆ್ಯಪ್‌ಗಳನ್ನು ಸೇರಿಸಿಕೊಂಡ ಲಿನಿಯೇಜ್ ಕೂಡ ಗೂಗಲ್‌ಗೆ ಗಣನೀಯ ಮಾಹಿತಿ ಕಳುಹಿಸಿತು. ತನ್ನ ತಯಾರಕರಿಗಾಗಲಿ ಗೂಗಲ್‌ಗಾಗಲಿ ಹೆಚ್ಚು ಕಡಿಮೆ ಏನನ್ನೂ ಕಳುಹಿಸದೆ ಇದ್ದದ್ದು ‘ಇ’ ಓಎಸ್ ಒಂದೇ. ಯಾವ ಆ್ಯಪ್ ತೆರೆಯಿತು, ಯಾವ ಪರದೆಯನ್ನು ಎಷ್ಟು ಹೊತ್ತು ನೋಡಲಾಯಿತು ಎಂಬುದನ್ನೂ ಶಿಯೋಮಿ ಫೋನು ವರದಿ ಮಾಡುತ್ತಿದ್ದುದು ಆ ಅಧ್ಯಯನದಲ್ಲಿ ಕಂಡುಬಂದಿತು. ಹತ್ತು, ಹನ್ನೆರಡು ಸಾವಿರ ರೂಪಾಯಿಯ ಫೋನುಗಳೇ ಹೆಚ್ಚಾಗಿ ಮಾರಾಟವಾಗುವ ನಮ್ಮ ಊರುಗಳಲ್ಲಿ ಇದು ಯೋಚಿಸತಕ್ಕ ವಿಷಯ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಕಾರ್ಯಾಚರಣ ವ್ಯವಸ್ಥೆಯನ್ನು ಬದಲಾಯಿಸಿದರೆ ನಿಲ್ಲುವುದು ಆ ವ್ಯವಸ್ಥೆಯ ಸೋರಿಕೆ ಮಾತ್ರ. ಸಿಮ್ ಇರುವ ಫೋನು ಯಾವ ಗೋಪುರದ ವ್ಯಾಪ್ತಿಯಲ್ಲಿದೆ ಎಂಬುದು ದೂರಸಂಪರ್ಕ ಸಂಸ್ಥೆಗೆ ಯಾವಾಗಲೂ ತಿಳಿದಿರುತ್ತದೆ. ವಾಟ್ಸ್ಆ್ಯಪ್ ಹಾಕಿಕೊಂಡರೆ ಯಾರು ಯಾರೊಡನೆ ಯಾವಾಗ ಮಾತಾಡಿದರು ಎಂಬುದು ಮೆಟಾ ಸಂಸ್ಥೆಗೆ ಎಂದಿನಂತೆ ತಿಳಿಯುತ್ತದೆ. ಇದನ್ನು ಮರೆಮಾಚಿ ಪರ್ಯಾಯ ವ್ಯವಸ್ಥೆಗಳನ್ನು ಹೊಗಳುವ ಬರಹಗಳನ್ನು ಓದುಗರು ಎಚ್ಚರದಿಂದ ಓದಬೇಕು.

ಲಭ್ಯವಿರುವ ಪರ್ಯಾಯಗಳು

ಭದ್ರತೆಯನ್ನೇ ಮುಖ್ಯವಾಗಿ ಬಯಸುವವರಿಗೆ ಗ್ರಾಫೀನ್ ಓಎಸ್ ಇದೆ. ಎಓಎಸ್‌ಪಿಯ ಮೇಲೆ ಕಟ್ಟಿದ ಇದರಲ್ಲಿ ಗೂಗಲ್‌ನ ಪ್ಲೇ ಸರ್ವಿಸಸ್ ಬೇಕೆಂದರೆ ಹಾಕಿಕೊಳ್ಳಬಹುದು, ಆದರೆ ಅದು ವಿಶೇಷ ಅಧಿಕಾರವಿಲ್ಲದ ಸಾಮಾನ್ಯ ಆ್ಯಪ್‌ನಂತೆ ಕಟ್ಟಿನೊಳಗೆ ಇರಬೇಕಾಗುತ್ತದೆ. ಇದರ ಒಂದು ಸೌಲಭ್ಯ ನಮ್ಮ ಕಡೆಯವರಿಗೆ ಬಹಳ ಉಪಯುಕ್ತ. ಆ್ಯಪ್ ಒಂದು ಸಂಪರ್ಕ ಪಟ್ಟಿಯನ್ನು ಕೇಳಿದಾಗ ‘ಕೊಟ್ಟೆ’ ಎಂದು ಹೇಳಿ, ಖಾಲಿ ಪಟ್ಟಿಯನ್ನೋ ನಾವು ಆರಿಸಿದ ನಾಲ್ಕು ಹೆಸರುಗಳನ್ನೋ ಮಾತ್ರ ತೋರಿಸಬಹುದು. ದಿಢೀರ್ ಸಾಲದ ಆ್ಯಪ್‌ಗಳು ಸಾಲಗಾರನ ಬಂಧುಬಳಗದ ಸಂಖ್ಯೆಗಳನ್ನು ಬಾಚಿಕೊಂಡು, ಕಂತು ತಪ್ಪಿದರೆ ಅವರಿಗೆಲ್ಲ ಕರೆ ಮಾಡಿ ಮಾನ ಕಳೆಯುವ ಪಿಡುಗು ಯಾರಿಗೂ ಹೊಸದಲ್ಲ. ಡಿಜಿಟಲ್ ಸಾಲದ ಆ್ಯಪ್‌ಗಳು ಸಂಪರ್ಕ ಪಟ್ಟಿಯನ್ನು ಮುಟ್ಟಕೂಡದೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ನಿಯಮ ಮಾಡಿತು. ನಿಯಮವನ್ನೇ ಲೆಕ್ಕಿಸದ ಆ್ಯಪ್‌ಗೆ ಇಂತಹ ಖಾಲಿ ಪಟ್ಟಿಯೇ ಸರಿಯಾದ ಉತ್ತರ.

ಆದರೆ ಗ್ರಾಫೀನ್ ಓಎಸ್ ಬೆಳೆದು ಬಂದದ್ದು ಗೂಗಲ್‌ನದೇ ಆದ ಪಿಕ್ಸೆಲ್ ಫೋನುಗಳ ಮೇಲೆ. ಗೂಗಲ್‌ನಿಂದ ಬಿಡಿಸಿಕೊಳ್ಳಲು ಗೂಗಲ್‌ನ ಫೋನನ್ನೇ ಕೊಳ್ಳಬೇಕಾದ ವಿಚಿತ್ರ ಇದು. ಪಿಕ್ಸೆಲ್ ಸಾಲಿನ ಅಗ್ಗದ ಮಾದರಿಯಾದ 9ಎ ಕೂಡ 2025ರಲ್ಲಿ ನಮ್ಮ ಮಾರುಕಟ್ಟೆಗೆ ಬಂದದ್ದು 49,999 ರೂಪಾಯಿಗೆ. ರೇಷ್ಮೆಗೂಡಿನ ಬೆಲೆಯನ್ನು ನೆಚ್ಚಿ ಬದುಕುವ ನರಸೀಪುರದ ಸಂಸಾರಕ್ಕೆ ಇದನ್ನು ಸಲಹೆಯಾಗಿ ಹೇಳಲು ಸಂಕೋಚವಾಗುತ್ತದೆ.

ಲಿನಿಯೇಜ್ ಓಎಸ್ ಹಿಂದಿನ ಸಯನೋಜೆನ್‌ಮಾಡ್‌ನ ಉತ್ತರಾಧಿಕಾರಿ. 2016ರ ಡಿಸೆಂಬರ್‌ನಲ್ಲಿ ಹುಟ್ಟಿದ ಇದು ಹಲವಾರು ಸಂಸ್ಥೆಗಳ ಹಳೆಯ ಫೋನುಗಳ ಮೇಲೆ ನಡೆಯುತ್ತದೆ. ‘ಇ’ ಓಎಸ್ ಅದನ್ನೇ ಆಧರಿಸಿದ್ದು. ಮ್ಯಾಂಡ್ರೇಕ್ ಲಿನಕ್ಸ್ ಕಟ್ಟಿದ ಫ್ರಾನ್ಸ್‌ನ ಗೇಲ್ ದುವಾಲ್ ಅದರ ಸ್ಥಾಪಕರು. ಆಂಡ್ರಾಯ್ಡ್‌ನ ಹಂಗೇ ಬೇಡವೆನ್ನುವವರಿಗೆ ಉಬುಂಟು ಟಚ್, ಪೋಸ್ಟ್‌ಮಾರ್ಕೆಟ್ ಓಎಸ್‌ಗಳಿವೆ. ಇವು ತಂತ್ರಜ್ಞರ ಹವ್ಯಾಸಕ್ಕೆ ಚೆನ್ನ. ನಿತ್ಯದ ವಹಿವಾಟಿಗೆ ಇವನ್ನು ನೆಚ್ಚುವ ಕಾಲ ಇನ್ನೂ ಬಂದಿಲ್ಲ.

ಸ್ವದೇಶಿ ಎಂಬ ಹೆಸರಿನಲ್ಲಿ ಬಂದದ್ದು ಭರೋಸ್. ಐಐಟಿ ಮದರಾಸಿನ ಆಶ್ರಯದಲ್ಲಿ ಸಿದ್ಧವಾದ ಇದನ್ನು 2023ರ ಜನವರಿಯಲ್ಲಿ ಕೇಂದ್ರ ಸಚಿವರಾದ ಅಶ್ವಿನಿ ವೈಷ್ಣವ್ ಮತ್ತು ಧರ್ಮೇಂದ್ರ ಪ್ರಧಾನ್ ಪರೀಕ್ಷಿಸಿ ತೋರಿಸಿದರು. ಪತ್ರಿಕೆಗಳಲ್ಲಿ ಸಂಭ್ರಮವೂ ಆಯಿತು. ಇದರ ತಳಹದಿಯೂ ಎಓಎಸ್‌ಪಿಯೇ. ಮೊದಲೇ ತುಂಬಿದ ಆ್ಯಪ್‌ಗಳಿಲ್ಲದಿರುವುದು, ಸಂಸ್ಥೆಯೊಂದು ತನಗೆ ಬೇಕಾದ ಆ್ಯಪ್‌ಗಳ ಸ್ವಂತ ಭಂಡಾರವನ್ನು ಇಟ್ಟುಕೊಳ್ಳಬಹುದಾದುದು ಇದರ ವಿಶೇಷ. ಕಟ್ಟುನಿಟ್ಟಿನ ಗೋಪ್ಯತೆ ಬೇಕಾದ ಸಂಸ್ಥೆಗಳಿಗೆಂದು ಅದನ್ನು ಪ್ರಕಟಿಸಲಾಯಿತೇ ಹೊರತು, ಜನಸಾಮಾನ್ಯರು ಇಳಿಸಿಕೊಳ್ಳುವ ರೂಪದಲ್ಲಿ ಅಲ್ಲ. ಸ್ವದೇಶಿ ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಖಾಸಗಿತನ ಬರುವುದಿಲ್ಲ. ಮೂಲಸಂಕೇತವನ್ನು ಹೊರಗಿನವರು ಓದಿ ಪರೀಕ್ಷಿಸಬಹುದೇ ಎಂಬುದೇ ಒರೆಗಲ್ಲು.

ಸೋತವರ ಕತೆ

ಮೂರನೆಯ ವ್ಯವಸ್ಥೆಯನ್ನು ಅಗ್ಗದ ದರದಲ್ಲಿ ಮಾರುವ ಪ್ರಯತ್ನಗಳಿಗೆ ಭಾರತವೇ ಪ್ರಯೋಗಶಾಲೆಯಾಗಿತ್ತು ಎಂಬುದು ಹಲವರಿಗೆ ಮರೆತುಹೋಗಿದೆ. 2014ರ ಆಗಸ್ಟ್‌ನಲ್ಲಿ ಫೈರ್‌ಫಾಕ್ಸ್ ಓಎಸ್ ಇದ್ದ ಇಂಟೆಕ್ಸ್ ಫೋನು 1,999 ರೂಪಾಯಿಗೆ ಬಂದಿತು. 2015ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಟೈಜೆನ್ ವ್ಯವಸ್ಥೆಯ ಜ಼ೆಡ್1 ಫೋನನ್ನು 5,700 ರೂಪಾಯಿಗೆ ಮೊದಲು ಮಾರಿದ್ದು ಇಲ್ಲಿಯೇ. 2016ರಲ್ಲಿ ಫಿನ್ಲೆಂಡಿನ ಸೈಲ್‌ಫಿಶ್ ಇದ್ದ ಇಂಟೆಕ್ಸ್ ಆಕ್ವಾ ಫಿಶ್ ಬಂದಿತು. ಯಾವುದೂ ನಿಲ್ಲಲಿಲ್ಲ.

ಜನರ ಕೈ ತಲುಪಿದ್ದು 2017ರ ಜಿಯೋಫೋನ್. ಅದರೊಳಗಿದ್ದ ಕೈಓಎಸ್ ಫೈರ್‌ಫಾಕ್ಸ್ ಓಎಸ್‌ನ ಕವಲು. 1,500 ರೂಪಾಯಿ ಠೇವಣಿಗೆ ದೊರೆತ ಆ ಫೋನಿನಲ್ಲಿ ಹಳ್ಳಿಯ ಅನೇಕರು ಮೊದಲ ಬಾರಿಗೆ ವಾಟ್ಸ್ಆ್ಯಪ್ ಕಂಡರು. 2024ರ ಜೂನ್‌ನಲ್ಲಿ ಕೈಓಎಸ್‌ಗೆ ವಾಟ್ಸ್ಆ್ಯಪ್‌ನ ಹೊಸ ಅಳವಡಿಕೆ ನಿಂತಿತು, 2025ರ ಆರಂಭದಲ್ಲಿ ಬೆಂಬಲವೇ ಕೊನೆಗೊಂಡಿತು. ಫೋನಿಗೆ ಏನೂ ಆಗಿರಲಿಲ್ಲ, ವ್ಯವಸ್ಥೆಗೂ ಏನೂ ಆಗಿರಲಿಲ್ಲ. ಮೂರನೆಯ ಸಂಸ್ಥೆಯೊಂದರ ತೀರ್ಮಾನದಿಂದ ಆ ಫೋನಿನ ಮುಖ್ಯ ಉಪಯೋಗ ಇಲ್ಲವಾಯಿತು. ಸ್ವಂತ ಕಾರ್ಯಾಚರಣ ವ್ಯವಸ್ಥೆ ಇದ್ದಮಾತ್ರಕ್ಕೆ ಸ್ವಾವಲಂಬನೆ ಸಿದ್ಧಿಸದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ. ನುಡಿ, ಬರಹಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಿಸಿದ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಲು ಒದ್ದಾಡಿದ ಕನ್ನಡಿಗರಿಗೆ ಈ ಬಗೆಯ ಸಂಕಟದ ಪರಿಚಯ ಚೆನ್ನಾಗಿಯೇ ಇದೆ.

ಬೀಗ ತೆಗೆಯುವ ಪ್ರಶ್ನೆ

ಫೋನು ಚಾಲೂ ಆಗುವಾಗ ಮೊದಲು ಓಡುವ ಸಣ್ಣ ತಂತ್ರಾಂಶವೇ ಬೂಟ್‌ಲೋಡರ್. ತಯಾರಕರ ಮುದ್ರೆಯಿಲ್ಲದ ವ್ಯವಸ್ಥೆಯನ್ನು ಅದು ಒಳಬಿಡುವುದಿಲ್ಲ. ಕದ್ದ ಫೋನಿಗೆ ಕಳ್ಳ ತಂತ್ರಾಂಶ ತುಂಬದಂತೆ ಕಾಯುವುದೂ ಇದೇ, ಮಾಲೀಕನೇ ಬೇರೆ ವ್ಯವಸ್ಥೆ ಹಾಕಿಕೊಳ್ಳದಂತೆ ತಡೆಯುವುದೂ ಇದೇ. ಪರ್ಯಾಯ ಬೇಕೆಂದರೆ ಈ ಬೀಗ ತೆಗೆಯಬೇಕು. ಪಿಕ್ಸೆಲ್‌ನಲ್ಲಿ ಬೀಗ ತೆಗೆದು, ಗ್ರಾಫೀನ್ ಹಾಕಿ, ಆ ತಂಡದ ಮುದ್ರೆಯೊಡನೆ ಪುನಃ ಬೀಗ ಹಾಕಬಹುದು. ಇತರ ಬಹುಪಾಲು ಫೋನುಗಳಲ್ಲಿ ಲಿನಿಯೇಜ್ ಹಾಕಿದ ಮೇಲೆ ಬೀಗ ತೆರೆದೇ ಇರುತ್ತದೆ. ಅಂತಹ ಫೋನು ಕಳೆದುಹೋದರೆ ಅಥವಾ ಸ್ವಲ್ಪ ಹೊತ್ತು ಪರರ ಕೈಯಲ್ಲಿದ್ದರೆ ಅಪಾಯ ಹೆಚ್ಚು.

ಹಳೆಯ ಫೋನಿಗೆ ಲಿನಿಯೇಜ್ ಹಾಕಿದರೆ ಆಂಡ್ರಾಯ್ಡ್‌ನ ಹೊಸ ಭದ್ರತಾ ತಿದ್ದುಪಡಿಗಳು ದೊರೆಯುತ್ತವೆ ಎಂಬುದು ನಿಜ. ಆದರೆ ಚಿಪ್ ತಯಾರಕರು ಮಾತ್ರ ಕೊಡಬಲ್ಲ ಮೋಡೆಮ್ ಮುಂತಾದವುಗಳ ಒಳತಂತ್ರಾಂಶಕ್ಕೆ ತಿದ್ದುಪಡಿ ಬರುವುದಿಲ್ಲ. ಅರ್ಧ ಮಾಡಿಗೆ ಹೊಸ ಹೆಂಚು ಹೊದಿಸಿದಂತೆ. ಏನೂ ಇಲ್ಲದುದಕ್ಕಿಂತ ಮೇಲು, ಪೂರ್ಣವಲ್ಲ.

ಈ ಬೀಗ ತೆಗೆಯಲು ತಯಾರಕರು ಕೊಡುತ್ತಿದ್ದ ಅವಕಾಶವೂ ಕಿರಿದಾಗುತ್ತಿದೆ. ವಿವೊ ಮೊದಲಾದವರು ಸಾಮಾನ್ಯವಾಗಿ ಅವಕಾಶವನ್ನೇ ಕೊಡುವುದಿಲ್ಲ. ಶಿಯೋಮಿ ಖಾತೆ ತೆರೆಸಿ, ಅರ್ಜಿ ಹಾಕಿಸಿ, ದಿನಗಟ್ಟಲೆ ಕಾಯಿಸುತ್ತದೆ. ಸ್ಯಾಮ್‌ಸಂಗ್ 2025ರ ತನ್ನ ಒನ್ ಯುಐ 8ರೊಡನೆ ಆ ಆಯ್ಕೆಯನ್ನೇ ತೆಗೆದುಹಾಕಿತು. ಕೊಳ್ಳುವ ಮೊದಲೇ ವಿಚಾರಿಸದಿದ್ದರೆ ಆಮೇಲೆ ಮಾಡುವಂಥದ್ದು ಏನೂ ಉಳಿಯುವುದಿಲ್ಲ.

ಹಣದ ಆ್ಯಪ್‌ಗಳ ಹಠ

ಪರ್ಯಾಯ ವ್ಯವಸ್ಥೆ ಹಾಕಿಕೊಂಡವರು ಮೊದಲು ಎಡವುವುದು ಬ್ಯಾಂಕಿನ ಹೊಸ್ತಿಲಲ್ಲಿ. ಅನೇಕ ಬ್ಯಾಂಕ್ ಆ್ಯಪ್‌ಗಳು ತೆರೆದೊಡನೆ ಪ್ಲೇ ಇಂಟೆಗ್ರಿಟಿ ಎಂಬ ಸೇವೆಯ ಮೂಲಕ ‘ಈ ಫೋನು ನಂಬಿಕೆಗೆ ಯೋಗ್ಯವೇ’ ಎಂದು ಗೂಗಲ್‌ನನ್ನು ಕೇಳುತ್ತವೆ. ಗೂಗಲ್‌ನ ಪ್ರಮಾಣಪತ್ರವಿಲ್ಲದ ವ್ಯವಸ್ಥೆ ಎಷ್ಟೇ ಭದ್ರವಾಗಿರಲಿ, ಕೆಳಗಿನ ಹಂತವನ್ನು ದಾಟಿ ಮೇಲೇರುವುದಿಲ್ಲ. ವಿಪರ್ಯಾಸವೆಂದರೆ ವರ್ಷಗಳಿಂದ ತಿದ್ದುಪಡಿಯನ್ನೇ ಕಾಣದ, ರಂಧ್ರಗಳಿಂದ ತುಂಬಿದ ಪ್ರಮಾಣಿತ ಫೋನು ಮಧ್ಯದ ಹಂತದಲ್ಲಿ ತೇರ್ಗಡೆಯಾಗುತ್ತದೆ, ನಿನ್ನೆ ತಾನೇ ನವೀಕರಿಸಿದ ಗ್ರಾಫೀನ್ ಫೋನು ಅನುತ್ತೀರ್ಣವಾಗುತ್ತದೆ. ಗ್ರಾಫೀನ್ ಫೋನಿನ ಸಾಚಾತನವನ್ನು ಯಂತ್ರಾಂಶದ ಮೂಲಕವೇ ಪರೀಕ್ಷಿಸುವ ವಿಧಾನ ಇದೆ. ಬ್ಯಾಂಕುಗಳು ಮನಸ್ಸು ಮಾಡಿದರೆ ಬಳಸಿಕೊಳ್ಳಬಹುದು. ಮನಸ್ಸು ಮಾಡಿಸುವವರು ಯಾರು ಎಂಬುದೇ ಪ್ರಶ್ನೆ. ಬ್ಯಾಂಕಿನಿಂದ ಬ್ಯಾಂಕಿಗೆ ಪರಿಸ್ಥಿತಿ ಬೇರೆ. ಇಂದು ನಡೆದ ಆ್ಯಪ್ ನಾಳಿನ ನವೀಕರಣದೊಡನೆ ನಿಲ್ಲಬಹುದು.

ಯುಪಿಐ ಇಲ್ಲದೆ ಎಳನೀರೂ ಸಿಗದಂತಹ ಕಾಲದಲ್ಲಿ ಇದು ಸಣ್ಣ ತೊಡಕಲ್ಲ. ಆದರೂ ದಾರಿಗಳುಂಟು. ಸಾದಾ ಫೋನುಗಳಿಗಾಗಿ 2022ರ ಮಾರ್ಚ್‌ನಲ್ಲಿ ಆರಂಭವಾದ ಯುಪಿಐ 123ಪೇ ಕರೆಯ ಮೂಲಕ ಹಣ ಕಳುಹಿಸಲು ಅನುವು ಮಾಡುತ್ತದೆ. ಅದರ ಮಿತಿಯನ್ನು 5,000ದಿಂದ 10,000 ರೂಪಾಯಿಗೆ ಏರಿಸುವುದಾಗಿ ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಬ್ಯಾಂಕಿನ ಜಾಲತಾಣವನ್ನು ಯಾವ ಬ್ರೌಸರ್‌ನಲ್ಲಾದರೂ ತೆರೆಯಬಹುದು. ಹಣದ ವ್ಯವಹಾರಕ್ಕೊಂದು ಸಾಮಾನ್ಯ ಫೋನು, ಉಳಿದುದಕ್ಕೆ ಮತ್ತೊಂದು ಎಂದು ಎರಡು ಫೋನು ಇಟ್ಟುಕೊಳ್ಳುವವರೂ ಇದ್ದಾರೆ. ಎಲ್ಲರಿಗೂ ಅದು ಸಾಧ್ಯವಾಗಲಾರದು.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ನಮ್ಮ ಜಿಲ್ಲೆಯಂಥ ಕಡೆ ಸಾಮಾನ್ಯರ ಹಣ ಹೋಗುತ್ತಿರುವುದು ಪೆಗಾಸಸ್‌ನಂತಹ ಗೂಢಚಾರ ತಂತ್ರಾಂಶದಿಂದಲ್ಲ. ಮದುವೆ ಕರೆಯೋಲೆ, ಪಿಎಂ ಕಿಸಾನ್, ಸಂಚಾರ ದಂಡದ ಚಲನ್ ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಬರುವ ಎಪಿಕೆ ಕಡತಗಳಿಂದ. ಅದನ್ನು ಒತ್ತಿ, ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರೆ ಎಸ್ಎಂಎಸ್‌ನಲ್ಲಿ ಬರುವ ಒಟಿಪಿ ವಂಚಕರಿಗೆ ತಲುಪುತ್ತದೆ. ಮಾಲೀಕನೇ ಬಾಗಿಲು ತೆರೆದಾಗ ಗ್ರಾಫೀನ್ ಇದ್ದರೂ ಅಷ್ಟೇ, ಬೇರೆ ಇದ್ದರೂ ಅಷ್ಟೇ. ಈ ಪಿಡುಗಿನ ನೆಪದಲ್ಲಿಯೇ ಗೂಗಲ್ 2025ರ ಆಗಸ್ಟ್‌ನಲ್ಲಿ ಹೊಸ ನಿಯಮ ಪ್ರಕಟಿಸಿತು. ಪ್ರಮಾಣಿತ ಆಂಡ್ರಾಯ್ಡ್ ಫೋನುಗಳಲ್ಲಿ ಪ್ಲೇ ಸ್ಟೋರ್‌ನ ಹೊರಗಿನ ಆ್ಯಪ್‌ಗಳ ಕರ್ತೃಗಳೂ ಗೂಗಲ್‌ನಲ್ಲಿ ಗುರುತು ನೋಂದಾಯಿಸಬೇಕು. 2026ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್, ಇಂಡೊನೇಷ್ಯ, ಸಿಂಗಪುರ, ಥಾಯ್ಲೆಂಡ್‌ಗಳಿಂದ ಆರಂಭಿಸಿ 2027ರಿಂದ ಇತರೆಡೆಗೆ ವಿಸ್ತರಿಸುವುದು ಯೋಜನೆ. ಆಕ್ಷೇಪಗಳು ಎದ್ದ ಮೇಲೆ, ಅನುಭವಿಗಳಿಗೆ ಒಂದು ಪ್ರತ್ಯೇಕ ದಾರಿ ಬಿಡುವುದಾಗಿ ಸಂಸ್ಥೆ ಹೇಳಿತು. ಭದ್ರತೆ ಹೆಚ್ಚಿದಷ್ಟೂ ಸ್ವಾತಂತ್ರ್ಯ ಕುಗ್ಗುವುದಕ್ಕೆ ಇದು ಸ್ಪಷ್ಟ ಉದಾಹರಣೆ.

ನಂಜನಗೂಡು, 2020

ಖಾಸಗಿತನ ಶ್ರೀಮಂತರ ಚಿಂತೆ ಎನ್ನುವವರು ನಂಜನಗೂಡಿನವರು 2020ರಲ್ಲಿ ಕಂಡದ್ದನ್ನು ನೆನೆಯಬೇಕು. ಆ ಮಾರ್ಚ್ 26ರಂದು ಜುಬಿಲಂಟ್ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಕೊರೊನಾ ಸೋಂಕು ದೃಢಪಟ್ಟಿತು. ಸಾವಿರಕ್ಕೂ ಹೆಚ್ಚು ನೌಕರರು ಪ್ರತ್ಯೇಕವಾಸಕ್ಕೆ ಒಳಗಾದರು, ಪಟ್ಟಣಕ್ಕೆ ದಿಗ್ಬಂಧನ ಬಿತ್ತು. ಆ ತಿಂಗಳ ಕೊನೆಯಲ್ಲಿಯೇ ರಾಜ್ಯ ಸರ್ಕಾರ ‘ಕ್ವಾರಂಟೈನ್ ವಾಚ್’ ಎಂಬ ಆ್ಯಪ್ ತಂದು, ಗೃಹವಾಸದಲ್ಲಿರುವವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಮ್ಮೆ ತಮ್ಮ ಸ್ವಚಿತ್ರವನ್ನು ಸ್ಥಳದ ಗುರುತಿನೊಡನೆ ಕಳುಹಿಸಬೇಕೆಂದು ಆಜ್ಞಾಪಿಸಿತು. ತಪ್ಪಿದರೆ ಸಾಮೂಹಿಕ ಪ್ರತ್ಯೇಕವಾಸಕ್ಕೆ ಕಳುಹಿಸುವ ಎಚ್ಚರಿಕೆಯೂ ಇತ್ತು. ಏಪ್ರಿಲ್ 2ರಂದು ಕೇಂದ್ರದ ಆರೋಗ್ಯ ಸೇತು ಬಂದಿತು. ಅದು ಮೊದಲು ಆಂಡ್ರಾಯ್ಡ್ ಮತ್ತು ಐಫೋನುಗಳಿಗೆ ಮಾತ್ರ. ಜಿಯೋಫೋನಿನವರು ಮೇ ತಿಂಗಳವರೆಗೆ ಕಾಯಬೇಕಾಯಿತು.

ಸೋಂಕು ತಡೆಯುವ ಉದ್ದೇಶವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಅಂದು ಆ ಫೋನುಗಳಲ್ಲಿ ಜಗತ್ತಿನ ಅತ್ಯುತ್ತಮ ಪರ್ಯಾಯ ವ್ಯವಸ್ಥೆ ಇದ್ದಿದ್ದರೂ ಏನಾಗುತ್ತಿತ್ತು? ಸ್ಥಳದ ಅನುಮತಿ ನಿರಾಕರಿಸುವ ಗುಂಡಿ ಇರುತ್ತಿತ್ತು, ಅದನ್ನು ಒತ್ತಿದವನನ್ನು ಆಂಬುಲೆನ್ಸ್ ಬಂದು ಕರೆದೊಯ್ಯುತ್ತಿತ್ತು. ಆಜ್ಞೆಯೇ ಆ್ಯಪ್‌ನ ರೂಪ ತಾಳಿದಾಗ ತಂತ್ರಾಂಶ ರಕ್ಷಣೆ ಕೊಡಲಾರದು, ಕಾನೂನು ಕೊಡಬೇಕು. ಕೊಟ್ಟದ್ದೂ ಉಂಟು. ಆರೋಗ್ಯ ಸೇತು ಹಾಕಿಕೊಳ್ಳದ ಕಾರಣಕ್ಕೆ ಸರ್ಕಾರಿ ಸೇವೆ ನಿರಾಕರಿಸಕೂಡದೆಂದು 2020ರ ಅಕ್ಟೋಬರ್‌ನಲ್ಲಿ, ಬಳಕೆದಾರರ ಸಮ್ಮತಿಯಿಲ್ಲದೆ ಅವರ ಮಾಹಿತಿಯನ್ನು ಹಂಚಿಕೊಳ್ಳಕೂಡದೆಂದು 2021ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಮಧ್ಯಂತರ ಆದೇಶಗಳನ್ನು ನೀಡಿತು. ಇವುಗಳ ಹಿಂದೆ ನಿಂತದ್ದು ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ನೀಡಿದ ತೀರ್ಪು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು 2024ರ ಅಕ್ಟೋಬರ್‌ನಲ್ಲಿ ನಿಧನರಾದರು.

ಅಂದಿನಿಂದ ಆ್ಯಪ್ ಮೂಲಕ ಆಡಳಿತ ಬೆಳೆದಿದೆ. ಬೆಳೆ ಸಮೀಕ್ಷೆಗೆ ಆ್ಯಪ್ ಉಂಟು. ಅಂಗನವಾಡಿ ಕಾರ್ಯಕರ್ತೆಗೆ ಪೋಷಣ್ ಟ್ರ್ಯಾಕರ್ ಕಡ್ಡಾಯ. ಮನೆಗೊಯ್ಯುವ ಆಹಾರ ವಿತರಣೆಗೆ 2025ರ ಜುಲೈ 1ರಿಂದ ಅದರಲ್ಲಿ ಮುಖ ಗುರುತಿಸುವಿಕೆಯೂ ಸೇರಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮೊಬೈಲ್ ಆ್ಯಪ್ ಹಿಡಿದು ಮನೆಮನೆಗೆ ಹೋದರು. ಸಮೀಕ್ಷೆಗೆ ತಡೆ ನೀಡದ ಉಚ್ಚ ನ್ಯಾಯಾಲಯ, ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು, ಅದು ಆಯೋಗದ ಬಳಿ ಗೋಪ್ಯವಾಗಿರಬೇಕು ಎಂದು ವಿಧಿಸಿತು. ನರಸೀಪುರ ತಾಲ್ಲೂಕಿನ ಒಬ್ಬ ಅಂಗನವಾಡಿ ಕಾರ್ಯಕರ್ತೆಗೆ ಪರ್ಯಾಯ ವ್ಯವಸ್ಥೆಯ ಹಿರಿಮೆಯನ್ನು ಎಷ್ಟು ವರ್ಣಿಸಿದರೂ ವ್ಯರ್ಥ. ಅವರ ಕೆಲಸವೇ ಪ್ಲೇ ಸ್ಟೋರ್‌ಗೆ ಕಟ್ಟುಬಿದ್ದಿದೆ.

ಸಂಚಾರ್ ಸಾಥಿ ಆ್ಯಪ್ ಅನ್ನು ಹೊಸ ಫೋನುಗಳಲ್ಲೆಲ್ಲ ಮೊದಲೇ ತುಂಬಿರಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್ 28ರಂದು ತಯಾರಕರಿಗೆ ಸೂಚಿಸಿ, ವಿರೋಧ ಬಂದ ಮೇಲೆ ಡಿಸೆಂಬರ್ 3ರಂದು ಕಡ್ಡಾಯವನ್ನು ಹಿಂತೆಗೆದುಕೊಂಡದ್ದೂ ಇದೇ ಸಾಲಿನದು. ತಯಾರಕರ ಮೂಲಕವೇ ಆಜ್ಞೆ ಬರುವಾಗ ಸ್ವಂತ ವ್ಯವಸ್ಥೆ ಹಾಕಿಕೊಂಡವನು ಅದರ ಹೊರಗಿರುತ್ತಾನೆ ಎಂಬುದು ಪರ್ಯಾಯಗಳ ಪರವಾದ ಬಲವಾದ ವಾದ. ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದು, ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಮುಖ್ಯ ಹೊಣೆಗಳು ಜಾರಿಯಾಗಲು ಹದಿನೆಂಟು ತಿಂಗಳ ಕಾಲಾವಕಾಶವಿದೆ. ಸರ್ಕಾರದ ಸಂಸ್ಥೆಗಳಿಗೆ ಅದರಲ್ಲಿ ವಿಶಾಲವಾದ ವಿನಾಯಿತಿ ಇರುವುದರಿಂದ ಅತಿಯಾಗಿ ನೆಚ್ಚುವಂತಿಲ್ಲ.

ಕನ್ನಡದ ಗತಿ

ಪರ್ಯಾಯ ವ್ಯವಸ್ಥೆಗಳಲ್ಲಿ ಕನ್ನಡ ಓದುವುದಕ್ಕೆ ತೊಂದರೆಯಿಲ್ಲ. ಆಂಡ್ರಾಯ್ಡ್‌ನ ಮುಕ್ತ ಪದರದಲ್ಲಿಯೇ ಕನ್ನಡ ಅಕ್ಷರರೂಪವಿದೆ, ಅದರ ಕೀಲಿಮಣೆಯಲ್ಲಿ ಕನ್ನಡ ವಿನ್ಯಾಸವೂ ಇದೆ. ಎಫ್-ಡ್ರಾಯ್ಡ್ ಎಂಬ ಮುಕ್ತ ಆ್ಯಪ್ ಭಂಡಾರದಲ್ಲಿ ಇಂಡಿಕ್ ಕೀಬೋರ್ಡ್ ದೊರೆಯುತ್ತದೆ. ನಷ್ಟವಾಗುವುದು ಧ್ವನಿಯ ಕಡೆ. ಮಾತಾಡಿದ್ದನ್ನು ಕನ್ನಡದಲ್ಲಿ ಬರೆದುಕೊಡುವ ಸೌಲಭ್ಯ ಗೂಗಲ್‌ನ ಪದರದಲ್ಲಿದೆ. ಓದಿ ಹೇಳುವ ಕೆಲಸಕ್ಕೆ ಇ-ಸ್ಪೀಕ್ ಎಂಬ ಮುಕ್ತ ತಂತ್ರಾಂಶ ಕನ್ನಡ ಬಲ್ಲುದಾದರೂ ಅದರ ಉಚ್ಚಾರ ಯಂತ್ರದ್ದೇ. ಬೆರಳಚ್ಚು ಬಾರದೆ ಮಾತಿನ ಮೂಲಕವೇ ಸಂದೇಶ ಕಳುಹಿಸುವ ಹಿರಿಯರಿಗೂ ದೃಷ್ಟಿದೋಷವುಳ್ಳವರಿಗೂ ಇದು ದೊಡ್ಡ ಕೊರತೆ.

ಯಾರಿಗೆ ಯಾವುದು ತಕ್ಕುದು

ಪತ್ರಕರ್ತರು, ವಕೀಲರು, ಚಳವಳಿಗಳಲ್ಲಿ ತೊಡಗಿದವರು, ಅಂದರೆ ಫೋನು ಪರರ ಕೈಸೇರಿದರೆ ಇತರರಿಗೂ ಅಪಾಯ ತರಬಲ್ಲವರು, ಖರ್ಚನ್ನು ಭರಿಸಬಲ್ಲರಾದರೆ ಪಿಕ್ಸೆಲ್‌ನೊಡನೆ ಗ್ರಾಫೀನ್ ಆರಿಸುವುದು ಸೂಕ್ತ. ಪಿಕ್ಸೆಲ್ 8ರಿಂದ ಮುಂದಿನವಕ್ಕೆ ಗೂಗಲ್ ಏಳು ವರ್ಷ ನವೀಕರಣದ ವಾಗ್ದಾನ ಮಾಡಿರುವುದರಿಂದ ಬೆಲೆಯನ್ನು ವರ್ಷಕ್ಕೆ ಹಂಚಿ ನೋಡಿದರೆ ಅಷ್ಟು ದುಬಾರಿಯೂ ಅಲ್ಲ. ಮೂಲೆಯಲ್ಲಿ ಬಿದ್ದಿರುವ ಹಳೆಯ ಫೋನಿಗೆ ಜೀವ ಕೊಡಲು ಬಯಸುವ ವಿದ್ಯಾರ್ಥಿಗೆ ಲಿನಿಯೇಜ್ ತಕ್ಕುದು. ಅದರಲ್ಲಿ ಬ್ಯಾಂಕ್ ಖಾತೆ ಇಡದಿರುವುದು ಲೇಸು. ಗೂಗಲ್‌ಗೆ ವರದಿ ಹೋಗುವುದನ್ನು ಕಡಿಮೆ ಮಾಡುವುದೇ ಮುಖ್ಯವಾದವರು ‘ಇ’ ಓಎಸ್ ನೋಡಬಹುದು.

ಉಳಿದವರಿಗೆ, ಅಂದರೆ ಬಹುಸಂಖ್ಯಾತರಿಗೆ, ಇರುವ ಫೋನನ್ನೇ ಸರಿಯಾಗಿ ಇಟ್ಟುಕೊಳ್ಳುವುದು ಹೆಚ್ಚಿನ ಲಾಭ ಎಂಬುದು ಈ ಲೇಖಕನ ಅಭಿಪ್ರಾಯ. ನವೀಕರಣ ಎಷ್ಟು ವರ್ಷ ದೊರೆಯುತ್ತದೆ ಎಂಬುದನ್ನು ಕ್ಯಾಮೆರಾದ ಮೆಗಾಪಿಕ್ಸೆಲ್‌ಗಿಂತ ಮೊದಲು ಕೇಳಬೇಕು. ಜಾಹೀರಾತು ಗುರುತನ್ನು ಅಳಿಸುವುದು, ಆ್ಯಪ್‌ಗಳ ಸ್ಥಳ ಮತ್ತು ಸಂಪರ್ಕ ಅನುಮತಿಗಳನ್ನು ಹಿಂಪಡೆಯುವುದು, ಬಳಸದ ಆ್ಯಪ್ ತೆಗೆಯುವುದು ಇವಕ್ಕೆ ಅರ್ಧ ಗಂಟೆ ಸಾಕು. ಸರ್ಕಾರದ ಸೇವೆಗಳು ಆ್ಯಪ್‌ನಲ್ಲಿದ್ದಂತೆ ಜಾಲತಾಣದಲ್ಲಿಯೂ ಇರಬೇಕೆಂದು ಕೇಳುವುದು ಮಾತ್ರ ಒಬ್ಬೊಬ್ಬರಿಂದ ಆಗುವ ಕೆಲಸವಲ್ಲ. ಪಹಣಿಗೆ ಭೂಮಿ ಜಾಲತಾಣವಿದೆ, ಸೇವಾ ಸಿಂಧುವೂ ಬ್ರೌಸರ್‌ನಲ್ಲಿ ತೆರೆಯುತ್ತದೆ. ಇದು ಸಾಧ್ಯವೆಂಬುದಕ್ಕೆ ಅವೇ ಪುರಾವೆ. ಹಾಗೆಯೇ ಗೂಗಲ್‌ನ ಪ್ರಮಾಣಪತ್ರವೊಂದನ್ನೇ ನಂಬಬೇಡಿ ಎಂದು ಬ್ಯಾಂಕುಗಳಿಗೆ ಹೇಳುವ ಅಧಿಕಾರ ರಿಸರ್ವ್ ಬ್ಯಾಂಕಿಗಲ್ಲದೆ ನಂಜನಗೂಡಿನ ಗಿರಾಕಿಗೆ ಇಲ್ಲ.

ಪ್ರಯೋಗ ಮಾಡಿಯೇ ತೀರುವೆನೆನ್ನುವವರು ಮೊದಲು ತಮ್ಮ ಫೋನಿನ ಮಾದರಿ ಸಂಖ್ಯೆ ಆಯಾ ವ್ಯವಸ್ಥೆಯ ಅಧಿಕೃತ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಹೆಸರು ಒಂದೇ ಆಗಿದ್ದು ಒಳಗಿನ ಚಿಪ್ ಬೇರೆಯಾಗಿರುವ ಫೋನುಗಳು ಬಹಳ. ಅಂಗಡಿಯಲ್ಲಿ ಯಾರದೋ ಪೆನ್‌ಡ್ರೈವ್‌ನಿಂದ ತುಂಬಿಸಿಕೊಳ್ಳದೆ ಮೂಲ ಜಾಲತಾಣದಿಂದಲೇ ಇಳಿಸಿಕೊಂಡು, ಅಲ್ಲಿ ಕೊಟ್ಟ ಪರಿಶೀಲನಾ ಸಂಖ್ಯೆಯನ್ನು ಹೋಲಿಸಿ ನೋಡಬೇಕು. ಬೂಟ್‌ಲೋಡರ್‌ನ ಬೀಗ ತೆಗೆದ ಕ್ಷಣವೇ ಫೋನಿನಲ್ಲಿರುವ ಚಿತ್ರ, ಸಂದೇಶ, ಕಡತಗಳೆಲ್ಲ ಅಳಿಸಿಹೋಗುತ್ತವೆ. ಅವುಗಳ ಪ್ರತಿಯನ್ನು ಬೇರೆಡೆ ತೆಗೆದಿಟ್ಟ ಮೇಲೆಯೇ ಕೆಲಸಕ್ಕೆ ಕೈ ಹಾಕಬೇಕು.